ಗಾಯಕ ಬದಲಾದರೂ ಹಾಡು ನಿಲ್ಲುತ್ತದೆಯೇ? ರಾಕ್ ಕಂಠಗಳ ಮುಗಿಯದ ವಾದ

ಕೊಡಗಿನಲ್ಲಿ ಹಾಕಿಯ ಬಗ್ಗೆ ವಾದಿಸುವವರಿಗೆ ಒಂದು ಅನುಕೂಲವಿದೆ: ಕೊನೆಗೆ ಗೋಲುಗಳನ್ನಾದರೂ ಎಣಿಸಬಹುದು. ರಾಕ್ ಗಾಯಕರ ಬಗ್ಗೆ ವಾದಿಸುವವರಿಗೆ ಆ ಭಾಗ್ಯವೂ ಇಲ್ಲ. ಮದುವೆಯ ಹಿಂದಿನ ದಿನ, ಊರ್ ಕೂಡುವ ರಾತ್ರಿ, ವಾಲಗದವರು ಕೊಂಬು ಕೆಳಗಿಟ್ಟು ಊಟಕ್ಕೆ ಕುಳಿತ ಮೇಲೆ ಅಂಗಳದ ಯಾವುದೋ ಮೂಲೆಯಲ್ಲಿ ಒಂದು ಮೊಬೈಲ್ ಸ್ಪೀಕರಿಗೆ ಜೋಡಣೆಯಾಗುತ್ತದೆ. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಹಾಸ್ಟೆಲ್ ಕೋಣೆಗಳಲ್ಲಿ ಕ್ಯಾಸೆಟ್ ಸವೆಸಿದ ಮಾವಂದಿರು ಒಂದು ಪಕ್ಷ. 2011ರಲ್ಲಿ ಅರಮನೆ ಮೈದಾನದಲ್ಲಿ ಮೆಟಾಲಿಕಾ ಕೇಳಿ ಬಂದವರು ಇನ್ನೊಂದು ಪಕ್ಷ. ಇಬ್ಬರನ್ನೂ ಹಳೆಯ ಕಾಲದವರೆಂದು ನಗುವ ಕಾಲೇಜು ಹುಡುಗಿಯರದು ಮೂರನೆಯದು. ಕೊಡವ ತಕ್ಕ್, ಅರೆಭಾಷೆ, ಕನ್ನಡ ಮೂರೂ ಬೆರೆತ ಆ ಗದ್ದಲದಲ್ಲಿ ಪ್ರಶ್ನೆ ಮಾತ್ರ ಒಂದೇ. ರಾಕ್ ಹಾಡಿದವರಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು?

ವಾದ ಬಗೆಹರಿಯದಿರುವುದಕ್ಕೆ ಅಭಿರುಚಿಯೊಂದನ್ನೇ ದೂರಿ ಪ್ರಯೋಜನವಿಲ್ಲ. ಕ್ವೀನ್ ತಂಡದ ಫ್ರೆಡ್ಡಿ ಮರ್ಕ್ಯುರಿಯ ಪರ ನಿಂತವರು ಸ್ವರದ ಎತ್ತರವನ್ನೂ ಜನಸಮೂಹದ ಮೇಲಿನ ಹಿಡಿತವನ್ನೂ ಅಳೆಯುತ್ತಿರುತ್ತಾರೆ. ಜಾನಿಸ್ ಜಾಪ್ಲಿನ್ ಹೆಸರು ಹೇಳುವವರು ಅಳೆಯುವುದು ಸಂಕಟವನ್ನು. ಬಾಬ್ ಡೈಲನ್ ಎನ್ನುವವರಿಗೆ ಕಂಠದ ಇಂಪು ಲೆಕ್ಕಕ್ಕೇ ಇಲ್ಲ. ಒಂದು ಸಾಲನ್ನು ಎಲ್ಲಿ ಮುರಿದು ಎಲ್ಲಿ ಎಳೆದರೆ ಅರ್ಥ ತಿರುಗುತ್ತದೆ ಎಂಬುದೇ ಅವರಿಗೆ ಗಾಯನ. ನಮ್ಮ ಜಿಲ್ಲೆಯ ಕಾಫಿಯ ರುಚಿ ನೋಡುವ ಪರಿಣತರು ಪರಿಮಳಕ್ಕೆ, ಹುಳಿಗೆ, ಗಟ್ಟಿತನಕ್ಕೆ ಬೇರೆ ಬೇರೆ ಅಂಕ ಬರೆದುಕೊಳ್ಳುತ್ತಾರೆ. ಅರೇಬಿಕಾದ ಹುಳಿಯನ್ನು ರೋಬಸ್ಟಾದ ಗಟ್ಟಿತನದ ಎದುರು ನಿಲ್ಲಿಸಿ ಗೆದ್ದವರು ಯಾರು ಎಂದು ಕೇಳುವುದಿಲ್ಲ. ಗಾಯಕರ ವಿಷಯದಲ್ಲಿ ಮಾತ್ರ ನಾವು ಅದನ್ನೇ ಕೇಳುತ್ತೇವೆ. ಹಾಗಾಗಿ ಹೆಸರುಗಳನ್ನು ಪಕ್ಕಕ್ಕಿಟ್ಟು ಮೊದಲು ಅಳತೆಗಳನ್ನು ಬಿಡಿಸಿ ನೋಡೋಣ.

ಎಷ್ಟು ಎತ್ತರ ಎಂಬ ಅಳತೆ

ಎಲ್ಲರಿಗೂ ಮೊದಲು ಹೊಳೆಯುವುದು ಸ್ವರದ ವ್ಯಾಪ್ತಿ. ನಮ್ಮ ಸಂಗೀತದಲ್ಲಿ ಮಂದ್ರ, ಮಧ್ಯ, ತಾರ ಎಂದು ಮೂರು ಸ್ಥಾಯಿ ಹೇಳುತ್ತೇವೆ. ಒಂದು ಸ್ಥಾಯಿ ಮೇಲೇರಿದರೆ ಧ್ವನಿತಂತುಗಳ ಕಂಪನದ ವೇಗ ಎರಡರಷ್ಟಾಗುತ್ತದೆ. ಗಂಡಸಿನ ಮಾತಿನ ದನಿ ಸಾಮಾನ್ಯವಾಗಿ ಸೆಕೆಂಡಿಗೆ ನೂರರಿಂದ ನೂರೈವತ್ತು ಕಂಪನಗಳ, ಅಂದರೆ ಹರ್ಟ್ಸ್‌ಗಳ, ಆಸುಪಾಸಿನಲ್ಲಿರುತ್ತದೆ. ಹೆಂಗಸಿನದು ಇನ್ನೂರರ ಸುತ್ತ. ಎರಡು ಸ್ಥಾಯಿಯೊಳಗೆ ಸಲೀಸಾಗಿ ಓಡಾಡುವವರು ಹಾಡುಗಾರರೆನಿಸಿಕೊಳ್ಳಲು ಸಾಕು. ಮೂರು ಸ್ಥಾಯಿ ಅಪರೂಪ. ಮರ್ಕ್ಯುರಿಗೆ ನಾಲ್ಕಿತ್ತು ಎಂಬ ಮಾತು ದಶಕಗಳಿಂದ ಊರೂರು ಸುತ್ತುತ್ತಿದೆ.

ಆ ಮಾತನ್ನು 2016ರಲ್ಲಿ ಯುರೋಪಿನ ಕೆಲವು ಧ್ವನಿವಿಜ್ಞಾನಿಗಳು ಪರೀಕ್ಷೆಗೆ ಒಡ್ಡಿದರು. ಮರ್ಕ್ಯುರಿ 1991ರಲ್ಲೇ ತೀರಿಕೊಂಡಿದ್ದರಿಂದ ಅವರಿಗೆ ಸಿಕ್ಕಿದ್ದು ಧ್ವನಿಮುದ್ರಣಗಳು ಮತ್ತು ಸಂದರ್ಶನಗಳು ಮಾತ್ರ. ಸಂದರ್ಶನಗಳಲ್ಲಿ ಅವರ ಮಾತಿನ ದನಿ ಸುಮಾರು 117 ಹರ್ಟ್ಸ್. ಅಂದರೆ ಎತ್ತರದಲ್ಲಿ ಹಾಡಿ ಹೆಸರಾದ ಈ ಮನುಷ್ಯ ಹುಟ್ಟಾ ತೆಳುಕಂಠದವರಲ್ಲ, ಮಧ್ಯಮ ಕಂಠದವರು. ಹಾಡುಗಳಲ್ಲಿ ಸಿಕ್ಕ ವ್ಯಾಪ್ತಿ ಸುಮಾರು 92ರಿಂದ 784 ಹರ್ಟ್ಸ್, ಮೂರು ಸ್ಥಾಯಿಗಿಂತ ಕೂದಲೆಳೆಯಷ್ಟು ಹೆಚ್ಚು. ನಾಲ್ಕನೆಯ ಸ್ಥಾಯಿಗೆ ಪುರಾವೆ ಸಿಗಲಿಲ್ಲ. ನನಗೆ ಇದಕ್ಕಿಂತ ಹೆಚ್ಚು ಹಿಡಿಸಿದ್ದು ಇನ್ನೊಂದು ಸಂಗತಿ. ಎಳೆದ ಸ್ವರಗಳಲ್ಲಿ ಅವರ ದನಿಯ ನಡುಕ ಸೆಕೆಂಡಿಗೆ ಸುಮಾರು ಏಳು ಬಾರಿ. ಇದು ಸಾಮಾನ್ಯ ಗಾಯಕರಿಗಿಂತ ಚುರುಕು. ಮರ್ಕ್ಯುರಿಯ ಹಾಡು ಕೇಳುವಾಗ ತುದಿಗಾಲಲ್ಲಿ ನಿಂತಂತೆ ಅನ್ನಿಸುವುದಕ್ಕೆ ಆ ಚುರುಕು ನಡುಕದ ಪಾಲೂ ಇರಬೇಕು ಎಂಬುದು ನನ್ನ ಊಹೆ.

ಗಾಯಕರ ವ್ಯಾಪ್ತಿಯನ್ನು ಪಟ್ಟಿ ಮಾಡಿದ ನಕ್ಷೆಗಳು ಅಂತರ್ಜಾಲದಲ್ಲಿ ಆಗಾಗ ಹರಿದಾಡುತ್ತವೆ. ಅವುಗಳಲ್ಲಿ ಒಂದೇ ಒಂದು ಸಲ ಕಿರುಚಿದ ಸ್ವರಕ್ಕೂ ನೂರು ಸಲ ಹಾಡಿದ ಸ್ವರಕ್ಕೂ ಸಮಾನ ಬೆಲೆ. ಈ ಅಳತೆಗೆ ನಾನು ಕೊಡುವ ಅಂಕ ಕಡಿಮೆ. ಶಿಶುನಾಳ ಶರೀಫರ ಪದಗಳನ್ನು ಸಿ. ಅಶ್ವಥ್ ತಾರಸ್ಥಾಯಿಗೆ ಎತ್ತಿ, ದನಿ ಇನ್ನೇನು ಒಡೆಯಿತು ಎನ್ನುವ ಅಂಚಿನಲ್ಲಿ ಹಿಡಿದು ನಿಲ್ಲಿಸಿದಾಗ, ಅವರಿಗೆ ಎಷ್ಟು ಸ್ಥಾಯಿ ಇದೆ ಎಂದು ಯಾವ ಕನ್ನಡಿಗ ಲೆಕ್ಕ ಹಾಕಿದ? 2005ರಲ್ಲಿ ‘ಕನ್ನಡವೇ ಸತ್ಯ’ ಎಂದು ಅರಮನೆ ಮೈದಾನ ತುಂಬಿಸಿದ ಆ ಕಂಠದಲ್ಲಿ ರಾಕ್‌ನ ಗುಣ ಬಹಳಷ್ಟಿತ್ತು ಎಂದರೆ ಭಾವಗೀತೆಯ ಹಿರಿಯರು ಮುನಿಸಿಕೊಳ್ಳಬಹುದು. ಮುನಿಸಿಕೊಳ್ಳಲಿ.

ಗದ್ದಲದ ನಡುವೆ ಒಂದು ದನಿ

ರಾಕ್ ಗಾಯಕರು ಅಷ್ಟೊಂದು ಕಿರುಚುವುದು ಏಕೆ ಎಂದು ಮನೆಯ ಹಿರಿಯರು ಕೇಳುತ್ತಾರೆ. ಅದಕ್ಕೆ ಉತ್ತರ ಕೊಡಗಿನ ಸಂಗೀತದ ಕಡೆಯಿಂದಲೇ ಹುಡುಕಬಹುದು. ಪುತ್ತರಿಯಲ್ಲೋ ಮದುವೆಯಲ್ಲೋ ಬಾಳೋ ಪಾಟ್ ಹಾಡುವ ನಾಲ್ವರು ಕೈಯಲ್ಲಿ ಹಿಡಿಯುವುದು ಪುಟ್ಟ ದುಡಿಯನ್ನು. ಇಬ್ಬರು ಒಂದು ಸಾಲು ಹಾಡುತ್ತಾರೆ, ಮತ್ತಿಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ದುಡಿಯ ಸದ್ದು ಮಾತನ್ನು ನುಂಗುವುದಿಲ್ಲ. ಅದೇ ಕೊಂಬು, ಕೊಟ್ಟು ಮೊಳಗಿದಾಗ? ಆಗ ಕುಣಿಯುತ್ತೇವೆ, ಯಾರೂ ಹಾಡುವುದಿಲ್ಲ. ಆ ವಾದ್ಯಗಳ ಮುಂದೆ ಮನುಷ್ಯನ ಗಂಟಲು ಸೋಲುತ್ತದೆ ಎಂಬುದು ನಮ್ಮ ಹಿಂದಿನವರಿಗೆ ಗೊತ್ತಿತ್ತು.

ರಾಕ್ ಮಾಡಿದ ಸಾಹಸವೆಂದರೆ ಕೊಂಬು, ಕೊಟ್ಟು ಮೊಳಗುತ್ತಿರುವಾಗಲೇ ಒಬ್ಬನನ್ನು ಹಾಡಲು ನಿಲ್ಲಿಸಿದ್ದು. ಲಂಡನ್ನಿನ ಜಿಮ್ ಮಾರ್ಷಲ್ 1965ರಲ್ಲಿ ‘ದ ಹೂ’ ತಂಡದ ಗಿಟಾರ್ ವಾದಕ ಪೀಟ್ ಟೌನ್‌ಸೆಂಡ್‌ರ ಬೇಡಿಕೆಯ ಮೇಲೆ ನೂರು ವ್ಯಾಟ್‌ನ ಗಿಟಾರ್ ಆಂಪ್ಲಿಫೈಯರ್ ತಯಾರಿಸಿದರು. ಮಾತಿನ ಸದ್ದು ಸುಮಾರು 60 ಡೆಸಿಬೆಲ್. ರಾಕ್ ವೇದಿಕೆ ನೂರನ್ನು ಸುಲಭವಾಗಿ ದಾಟುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ ಪ್ರತಿ ಹತ್ತಕ್ಕೆ ಸದ್ದಿನ ಶಕ್ತಿ ಹತ್ತು ಪಟ್ಟಾಗುವುದರಿಂದ ನಲವತ್ತರ ಅಂತರವೆಂದರೆ ಹತ್ತು ಸಾವಿರ ಪಟ್ಟು. ಅದೇ 1965ರ ಆಗಸ್ಟಿನಲ್ಲಿ ಬೀಟಲ್ಸ್ ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ 55,000ಕ್ಕೂ ಹೆಚ್ಚು ಮಂದಿಯ ಮುಂದೆ ಹಾಡಿದರು. ಗಾಯಕರ ದನಿಯನ್ನು ಅವರಿಗೇ ತಿರುಗಿ ಕೇಳಿಸುವ ಮಾನಿಟರ್ ಸ್ಪೀಕರುಗಳು ಅಂದು ವೇದಿಕೆಯ ಮೇಲೆ ಇರಲಿಲ್ಲ. ಅಭಿಮಾನಿಗಳ ಕೂಗಿನಲ್ಲಿ ತಾವು ಏನು ಹಾಡುತ್ತಿದ್ದೇವೆ ಎಂಬುದೇ ಅವರಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಇಂಥ ಸದ್ದಿನಲ್ಲಿ ಕಂಠ ಕೇಳಿಸಬೇಕಾದರೆ ಖಾಲಿ ಜಾಗ ಹುಡುಕಬೇಕು. ಡ್ರಮ್ಮು, ಬೇಸ್, ಗಿಟಾರಿನ ಬಹುಪಾಲು ಶಕ್ತಿ ಕೆಳಗಿನ ಮತ್ತು ನಡುವಿನ ಸ್ವರಗಳಲ್ಲಿ ತುಂಬಿರುತ್ತದೆ. ಮನುಷ್ಯನ ಕಿವಿ ಅತಿ ಚುರುಕಾಗಿರುವುದು 2,000ದಿಂದ 5,000 ಹರ್ಟ್ಸ್ ನಡುವೆ. ಎತ್ತರದಲ್ಲಿ, ಹರಿತವಾಗಿ ಹಾಡಿದರೆ ಧ್ವನಿಯ ಮೇಲ್ಪದರಗಳು ಆ ಜಾಗಕ್ಕೆ ಹೋಗಿ ಕೂರುತ್ತವೆ. ಮೈಕ್ ಅವನ್ನು ಎತ್ತಿಕೊಟ್ಟರೆ ಇಡೀ ಗದ್ದಲದ ಮೇಲೆ ಕಂಠ ತೇಲುತ್ತದೆ. ಲೆಡ್ ಜೆಪ್ಲಿನ್‌ನ ರಾಬರ್ಟ್ ಪ್ಲಾಂಟ್, ಡೀಪ್ ಪರ್ಪಲ್‌ನ ಇಯಾನ್ ಗಿಲನ್ ಚೀರುವಂತೆ ಹಾಡಿದ್ದಕ್ಕೆ ಹುಮ್ಮಸ್ಸಿನಷ್ಟೇ ಈ ಅನಿವಾರ್ಯವೂ ಕಾರಣ. ಮಡಿಕೇರಿ ದಸರಾದ ರಾತ್ರಿ ದಶಮಂಟಪಗಳ ಧ್ವನಿವರ್ಧಕಗಳನ್ನು ದೂರದ ಗುಡ್ಡದ ಮೇಲಿನ ಮನೆಯಿಂದ ಕೇಳಿದವರಿಗೆ ಇದರ ಇನ್ನೊಂದು ಮುಖ ಗೊತ್ತಿರುತ್ತದೆ: ಧಂ ಧಂ ಮಾತ್ರ ತಲುಪುತ್ತದೆ, ಹಾಡಿನ ಪದ ತಲುಪುವುದಿಲ್ಲ. ಮೇಲಿನ ಸ್ವರಗಳನ್ನು ಮರ, ಗೋಡೆ, ಗಾಳಿಗಳು ದಾರಿಯಲ್ಲೇ ತಡೆದುಬಿಡುತ್ತವೆ.

ಒಡಕು ದನಿಯ ಒಳಗುಟ್ಟು

ಗಂಟಲಲ್ಲಿ ನಿಜವಾದ ಧ್ವನಿತಂತುಗಳ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ. ಮಾತಿನಲ್ಲಿ ಅವುಗಳಿಗೆ ಕೆಲಸವಿಲ್ಲ. ರಾಕ್ ಗಾಯಕರು ಗರಗಸದಂಥ ಒರಟು ದನಿ ತೆಗೆಯುವಾಗ ಆ ಮೇಲಿನ ಮಡಿಕೆಗಳೂ ಕಂಪಿಸುತ್ತವೆ. ಮೇಲೆ ಹೇಳಿದ ಅಧ್ಯಯನದಲ್ಲೇ, ಮರ್ಕ್ಯುರಿಯಂತೆ ಹಾಡಬಲ್ಲ ಒಬ್ಬ ಗಾಯಕರ ಗಂಟಲನ್ನು ಅತಿವೇಗದ ಕ್ಯಾಮೆರಾದಿಂದ ಚಿತ್ರಿಸಿದಾಗ, ಕೆಳಗಿನ ತಂತುಗಳು ಮೂರು ಸಲ ಕಂಪಿಸುವಾಗ ಮೇಲಿನವು ಒಂದು ಸಲ ಕಂಪಿಸುವುದು ಕಂಡಿತು. ಕೇಳುಗನ ಕಿವಿಗೆ ಅದು ತಾಳ ತಪ್ಪಿದ ಒರಟುತನದಂತೆ ಕೇಳುತ್ತದೆ, ಒಳಗೆ ನಡೆಯುವುದು ಲೆಕ್ಕಾಚಾರದ ಕೆಲಸ.

ಎಲ್ಲ ಒರಟುತನವೂ ಹೀಗೆ ಲೆಕ್ಕದ್ದಲ್ಲ. 1963ರ ಫೆಬ್ರುವರಿ 11ರಂದು ಬೀಟಲ್ಸ್ ತಮ್ಮ ಮೊದಲ ಆಲ್ಬಂನ ಹತ್ತು ಹಾಡುಗಳನ್ನು ಒಂದೇ ದಿನದಲ್ಲಿ ಮುದ್ರಿಸಿದರು. ಜಾನ್ ಲೆನನ್‌ಗೆ ಶೀತ ಹಿಡಿದಿತ್ತು. ಗಂಟಲು ಕೀಳುವ ಹಾಡನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದರು, ಏಕೆಂದರೆ ಅದಾದ ಮೇಲೆ ಬೇರೇನೂ ಹಾಡಲಾಗುತ್ತಿರಲಿಲ್ಲ. ಮೊದಲ ಪ್ರಯತ್ನವೇ ದಕ್ಕಿತು. ಎರಡನೆಯದಕ್ಕೆ ದನಿ ಉಳಿದಿರಲಿಲ್ಲ. ಸಂಗೀತ ಶಾಲೆಯಲ್ಲಿ ಆ ಧ್ವನಿಮುದ್ರಣ ಕೇಳಿಸಿದರೆ ಗುರುಗಳು ಗಂಟಲಿಗೆ ಶುಂಠಿ ಕಷಾಯ ಬರೆದುಕೊಟ್ಟಾರು. ಜಾನಿಸ್ ಜಾಪ್ಲಿನ್‌ರದು ಇನ್ನೊಂದು ಬಗೆ. ಬೆಸ್ಸಿ ಸ್ಮಿತ್, ಬಿಗ್ ಮಾಮಾ ಥಾರ್ನ್‌ಟನ್‌ರಂಥ ಕಪ್ಪು ಗಾಯಕಿಯರ ಬ್ಲೂಸ್ ಕೇಳುತ್ತಾ ಬೆಳೆದ ಈ ಟೆಕ್ಸಾಸ್ ಹುಡುಗಿ ಒಂದೇ ಉಸಿರಿನಲ್ಲಿ ಎರಡು ಮೂರು ಸ್ವರ ಒಟ್ಟಿಗೆ ಹೊರಟಂತೆ ಹಾಡುತ್ತಿದ್ದರು. 1967ರ ಮಾಂಟೆರೆ ಉತ್ಸವದಲ್ಲಿ ಜಗತ್ತಿಗೆ ಕಂಡರು, 1970ರಲ್ಲಿ 27ನೆಯ ವಯಸ್ಸಿಗೆ ಹೋಗಿಬಿಟ್ಟರು.

ಪಟ್ಟಿಗಳನ್ನು ಎಷ್ಟು ನಂಬಬೇಕು

ಅಂಗಳದ ವಾದದಲ್ಲಿ ಯಾರಾದರೂ ಮೊಬೈಲ್ ತೆಗೆದು ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಪಟ್ಟಿ ತೋರಿಸುವುದು ವಾಡಿಕೆ. 2008ರ ನೂರು ಗಾಯಕರ ಪಟ್ಟಿಯಲ್ಲಿ ಮೊದಲ ಸ್ಥಾನ ಅರೀಥಾ ಫ್ರಾಂಕ್ಲಿನ್‌ರದು. 2023ರಲ್ಲಿ ಇನ್ನೂರಕ್ಕೆ ಬೆಳೆದ ಪಟ್ಟಿಯಲ್ಲೂ ಅವರೇ ಮೊದಲು. ಅದರಲ್ಲಿ ಮರ್ಕ್ಯುರಿ 14ನೆಯವರು, ನಮ್ಮ ಲತಾ ಮಂಗೇಶ್ಕರ್ 84ನೆಯವರು. ಲತಾ ಇರುವ ಪಟ್ಟಿ ರಾಕ್ ಪಟ್ಟಿಯಲ್ಲ ಎಂಬುದು ಅಲ್ಲಿಗೇ ಸ್ಪಷ್ಟ. ಆದರೆ ಅರೀಥಾ? ಅವರನ್ನು ಸೋಲ್ ಎಂಬ ಬೇರೆ ಸಂಗೀತ ಪ್ರಕಾರದ ಗಾಯಕಿ ಎಂದು ಬೇಲಿಯಾಚೆ ಇಡುವವರು, ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ 1987ರಲ್ಲಿ ಒಳಗೆ ಕರೆದುಕೊಂಡ ಮೊದಲ ಮಹಿಳೆ ಅವರೇ ಎಂಬುದನ್ನು ಮರೆಯುತ್ತಾರೆ.

ಬೇಲಿ ಎಲ್ಲಿ ಹಾಕುತ್ತೇವೆ ಎಂಬುದರ ಮೇಲೆ ಗೆದ್ದವರ ಹೆಸರು ಬದಲಾಗುತ್ತದೆ, ಮತ್ತು ಆ ಬೇಲಿಯನ್ನು ಹೆಚ್ಚಾಗಿ ಗಂಡಸರೇ ಹಾಕಿದ್ದಾರೆ. 1986ರಲ್ಲಿ ಆ ಸಂಸ್ಥೆ ಗೌರವಿಸಿದ ಮೊದಲ ತಂಡದ ಗಾಯಕರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಎಲ್ವಿಸ್ ಪ್ರೆಸ್ಲಿ 1956ರಲ್ಲಿ ಹಾಡಿ ಕೋಟಿ ಗಳಿಸಿದ ‘ಹೌಂಡ್ ಡಾಗ್’ ಹಾಡನ್ನು 1952ರಲ್ಲೇ ಮುದ್ರಿಸಿದವರು ಬಿಗ್ ಮಾಮಾ ಥಾರ್ನ್‌ಟನ್. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಎಲ್ವಿಸ್‌ರದು ಕುಣಿಸುತ್ತದೆ. ಥಾರ್ನ್‌ಟನ್‌ರದು ಗಂಡಸನ್ನು ಮನೆಯಿಂದ ಹೊರಗೆ ಹಾಕುತ್ತದೆ.

ಗಾಯಕ ಹೋದ ಮೇಲೆ ಏನಾಗುತ್ತದೆ

ಇಷ್ಟೆಲ್ಲ ಅಳತೆಗಳಿಗಿಂತ ನನಗೆ ನಂಬಿಕೆ ಹುಟ್ಟಿಸುವ ಪರೀಕ್ಷೆ ಒಂದಿದೆ. ಅದನ್ನು ರಾಕ್ ಇತಿಹಾಸವೇ ಮತ್ತೆ ಮತ್ತೆ ನಡೆಸಿಕೊಟ್ಟಿದೆ. ವಾದ್ಯದವರು ಅವರೇ, ಹಾಡೂ ಅವೇ, ಗಾಯಕ ಮಾತ್ರ ಬದಲಾದರೆ ಏನು ಉಳಿಯುತ್ತದೆ, ಏನು ಹೋಗುತ್ತದೆ? ಉಳಿದೆಲ್ಲವನ್ನೂ ಹಾಗೇ ಇಟ್ಟು ಒಂದನ್ನು ಮಾತ್ರ ಬದಲಿಸುವ ಇಂಥ ಅವಕಾಶ ಕಲೆಯಲ್ಲಿ ಅಪರೂಪ.

ಎಸಿಡಿಸಿ ತಂಡದ ಬಾನ್ ಸ್ಕಾಟ್ 1980ರ ಫೆಬ್ರುವರಿಯಲ್ಲಿ ತೀರಿಕೊಂಡರು. ಬ್ರಯಾನ್ ಜಾನ್ಸನ್ ಬಂದರು. ಐದೇ ತಿಂಗಳಲ್ಲಿ, ಜುಲೈನಲ್ಲಿ, ಹೊರಬಂದ ಆಲ್ಬಂ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದವುಗಳ ಸಾಲಿಗೆ ಸೇರಿತು. ಇದರಿಂದ ಸ್ಕಾಟ್ ಸಣ್ಣವರಾಗುವುದಿಲ್ಲ; ಆ ತಂಡದ ಬೆನ್ನೆಲುಬು ಗಿಟಾರಿನ ಪೆಟ್ಟಿನಲ್ಲಿತ್ತು ಎಂಬುದು ತಿಳಿಯುತ್ತದೆ, ಅಷ್ಟೇ. ಜೆನೆಸಿಸ್‌ನಿಂದ 1975ರಲ್ಲಿ ಪೀಟರ್ ಗೇಬ್ರಿಯಲ್ ಹೊರನಡೆದಾಗ ಡ್ರಮ್ಮಿನ ಹಿಂದೆ ಕುಳಿತಿದ್ದ ಫಿಲ್ ಕಾಲಿನ್ಸ್ ಎದ್ದು ಬಂದು ಹಾಡಿದರು, ತಂಡ ಮೊದಲಿಗಿಂತ ಹೆಚ್ಚು ಜನಪ್ರಿಯವಾಯಿತು. ಜರ್ನಿ ತಂಡವಂತೂ 2007ರಲ್ಲಿ ಯೂಟ್ಯೂಬಿನಲ್ಲಿ ಹುಡುಕಿ ಫಿಲಿಪ್ಪೀನ್ಸ್‌ನ ಆರ್ನೆಲ್ ಪಿನೇಡಾರನ್ನು ಕರೆತಂದಿತು. ತಂಡದ ಹಿಂದಿನ ಗಾಯಕ ಸ್ಟೀವ್ ಪೆರಿಯ ಕಂಠವನ್ನು ಪಿನೇಡಾ ಅಚ್ಚೊತ್ತಿದಂತೆ ಹಾಡುತ್ತಾರೆ. ನನಗೆ ಅಲ್ಲೇ ಅನುಮಾನ ಶುರುವಾಗುವುದು: ಅಚ್ಚೊತ್ತಲು ಬರುವ ಕಂಠ ಎಷ್ಟೇ ಸೊಗಸಾಗಿದ್ದರೂ ಮೊದಲ ಸಾಲಿನದೇ?

ವಿರುದ್ಧದ ಉದಾಹರಣೆ ಡೋರ್ಸ್. 1971ರಲ್ಲಿ ಜಿಮ್ ಮಾರಿಸನ್ ಪ್ಯಾರಿಸ್ಸಿನಲ್ಲಿ ಸತ್ತ ಮೇಲೆ ಉಳಿದ ಮೂವರು ತಾವೇ ಹಾಡಿ ಇನ್ನೂ ಎರಡು ಆಲ್ಬಂ ತಂದರು. ವಾದನ ಕೆಟ್ಟಿರಲಿಲ್ಲ. ಆದರೆ ಇಂದು ಅವನ್ನು ಕೇಳುವವರು ಸಂಗ್ರಹಕಾರರು ಮಾತ್ರ. ಐರನ್ ಮೇಡನ್‌ನಲ್ಲಿ ಪ್ರಯೋಗ ಎರಡೂ ದಿಕ್ಕಿನಲ್ಲಿ ನಡೆಯಿತು. 1981ರಲ್ಲಿ ಬ್ರೂಸ್ ಡಿಕಿನ್ಸನ್ ಬಂದ ಮೇಲೆ ತಂಡ ಜಗತ್ತನ್ನು ಗೆದ್ದಿತು, 1993ರಲ್ಲಿ ಅವರು ಬಿಟ್ಟ ಮೇಲೆ ಕುಗ್ಗಿತು, 1999ರಲ್ಲಿ ಮರಳಿದ ಮೇಲೆ ಮತ್ತೆ ಎದ್ದಿತು. 2007ರ ಮಾರ್ಚಿನಲ್ಲಿ ಬೆಂಗಳೂರಿಗೆ ಬಂದದ್ದು ಆ ಎದ್ದ ತಂಡ.

ಬ್ಲ್ಯಾಕ್ ಸ್ಯಾಬತ್‌ನ ಕಥೆ ಎಲ್ಲಕ್ಕಿಂತ ಸ್ವಾರಸ್ಯದ್ದು. ಆಜಿ ಆಸ್ಬರ್ನ್‌ರ ಕಂಠದ ವ್ಯಾಪ್ತಿ ಕಿರಿದು. ಗಿಟಾರ್ ಯಾವ ದಾರಿಯಲ್ಲಿ ಹೋದರೆ ಅದೇ ದಾರಿಯಲ್ಲಿ, ದೆವ್ವ ಕಂಡವರಂತೆ ಹಾಡಿಕೊಂಡು ಹೋಗುತ್ತಿದ್ದರು. 1979ರಲ್ಲಿ ಅವರನ್ನು ಕಳುಹಿಸಿ ರಾನಿ ಜೇಮ್ಸ್ ಡಿಯೊರನ್ನು ತಂದಾಗ ಶಾಸ್ತ್ರೀಯ ಅಳತೆಯಲ್ಲಿ ತಂಡಕ್ಕೆ ನೂರು ಪಟ್ಟು ಉತ್ತಮ ಗಾಯಕ ಸಿಕ್ಕಂತಾಯಿತು. ಚಿಕ್ಕಂದಿನಲ್ಲಿ ಟ್ರಂಪೆಟ್ ಊದಿ ಕಲಿತ ಉಸಿರಿನ ಹಿಡಿತವನ್ನು ಡಿಯೊ ಗಾಯನಕ್ಕೆ ತಂದಿದ್ದರು. 1980ರ ಆಲ್ಬಂ ಅದ್ಭುತವಾಗಿದೆ. ಆದರೆ ಅದು ಬೇರೆಯೇ ತಂಡದ ಆಲ್ಬಂ. ಡಿಯೊ ಹಾಡಿದ ಹಳೆಯ ಸ್ಯಾಬತ್ ಹಾಡುಗಳಲ್ಲಿ ಸ್ವರ ಶುದ್ಧವಾಗಿದೆ, ಭಯ ಹೋಗಿದೆ. ಆಸ್ಬರ್ನ್‌ರ ಬಡಕಂಠದಲ್ಲಿ ಯಾರೂ ಭರ್ತಿ ಮಾಡಲಾಗದ ಏನೋ ಇತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಸೋಮವಾರಪೇಟೆಯಲ್ಲಿ ತೋಟ ನೋಡಿಕೊಳ್ಳುವ ನನ್ನ ಭಾವ ಈ ಮಾತಿಗೆ ಪ್ರತಿ ಸಲವೂ ಸಿಡಿಮಿಡಿಗೊಳ್ಳುತ್ತಾನೆ. ಅವನ ಪಾಲಿಗೆ ಡಿಯೊ ದೇವರು.

ಇನ್ನು ಮರ್ಕ್ಯುರಿ. 1985ರ ಜುಲೈ 13ರಂದು ವೆಂಬ್ಲಿಯಲ್ಲಿ ನಡೆದ ಲೈವ್ ಏಡ್ ಎಂಬ ಸಹಾಯಾರ್ಥ ಸಂಗೀತ ಕಾರ್ಯಕ್ರಮದಲ್ಲಿ ಕ್ವೀನ್‌ಗೆ ಸಿಕ್ಕಿದ್ದು ಇಪ್ಪತ್ತು ನಿಮಿಷದಷ್ಟು ಸಮಯ. ನಡುವೆ ಅವರು ವಾದ್ಯ ನಿಲ್ಲಿಸಿ, ಬರಿಯ ಕಂಠದಲ್ಲಿ ಒಂದೊಂದು ತುಣುಕು ಹಾಡಿ ಇಡೀ ಕ್ರೀಡಾಂಗಣಕ್ಕೆ ಎಸೆದರು. ಜನ ಅದನ್ನು ಹಿಡಿದು ಹಿಂದಿರುಗಿಸಿದರು. ಬಾಳೋ ಪಾಟ್‌ನಲ್ಲಿ ಇಬ್ಬರು ಇಬ್ಬರಿಗೆ ಕೊಡುವುದನ್ನು ಒಬ್ಬರು ಎಪ್ಪತ್ತು ಸಾವಿರ ಮಂದಿಗೆ ಕೊಟ್ಟರು. (ಮಹಾರಾಷ್ಟ್ರದ ಪಂಚಗಣಿಯ ಶಾಲೆಯಲ್ಲಿ ಫರೋಖ್ ಬುಲ್ಸಾರಾ ಎಂಬ ಹೆಸರಿನಲ್ಲಿ ಓದಿದ ಹುಡುಗ ಎಂದು ನೆನಪಿಸಿದರೆ ನಮ್ಮವರ ಎದೆ ಇನ್ನೆರಡು ಇಂಚು ಉಬ್ಬುತ್ತದೆ.) ಅವರ ನಂತರ ಪಾಲ್ ರಾಜರ್ಸ್, ಆಮೇಲೆ ಆಡಂ ಲ್ಯಾಂಬರ್ಟ್ ಕ್ವೀನ್ ಜೊತೆ ಹಾಡಿದ್ದಾರೆ. ಲ್ಯಾಂಬರ್ಟ್‌ರ ಗಂಟಲಿನಲ್ಲಿ ಕುಂದು ಹುಡುಕುವುದು ಕಷ್ಟ. ಕ್ರೀಡಾಂಗಣಗಳು ಈಗಲೂ ತುಂಬುತ್ತವೆ. ಆದರೆ ತುಂಬುವುದು ಹಳೆಯ ಹಾಡುಗಳಿಗಾಗಿ. ನನ್ನ ಪರೀಕ್ಷೆಯಲ್ಲಿ ಮರ್ಕ್ಯುರಿ ಮುಕ್ಕಾಲು ಪಾಸು: ಹಾಡುಗಳು ಇತರರ ಬಾಯಲ್ಲೂ ಬದುಕುತ್ತವೆ, ಹೊಸದು ಮಾತ್ರ ಹುಟ್ಟುತ್ತಿಲ್ಲ.

ಹಾಗಾದರೆ ನನ್ನ ಮತ ಯಾರಿಗೆ? ಲಿಟಲ್ ರಿಚರ್ಡ್‌ಗೆ. ಜಾರ್ಜಿಯಾ ರಾಜ್ಯದ ಮೇಕನ್ ಎಂಬ ಊರಿನಲ್ಲಿ 1932ರಲ್ಲಿ ಹುಟ್ಟಿ, ಚರ್ಚಿನ ಕೂಗುಹಾಡನ್ನು 1955ರಲ್ಲಿ ಪಿಯಾನೊದ ಮೇಲೆ ಹತ್ತಿಸಿ ಕೂರಿಸಿದವರು. ಗಾಯಕನ ಬದಲಿಗೆ ಗಾಯಕ ಎಂಬ ಪರೀಕ್ಷೆ ಇವರ ಮೇಲೆ ವಿಚಿತ್ರವಾಗಿ ನಡೆದಿದೆ. ಮೊದಲ ಹಾಡು ಗೆದ್ದು ಇವರು ಲಾಸ್ ಏಂಜಲೀಸ್‌ಗೆ ಹೋದಾಗ, ಒಪ್ಪಿಕೊಂಡಿದ್ದ ಕಾರ್ಯಕ್ರಮಗಳಲ್ಲಿ ಇವರ ಹೆಸರಿನಲ್ಲೇ ಹಾಡಲು ಅದೇ ವಲಯದ ಇನ್ನೊಬ್ಬ ಯುವಕನನ್ನು ಕಳುಹಿಸಲಾಯಿತು. ಆ ಬದಲಿ ಆಳು ಜೇಮ್ಸ್ ಬ್ರೌನ್! ಮೇಕನ್‌ನಲ್ಲೇ ಬೆಳೆದ ಓಟಿಸ್ ರೆಡ್ಡಿಂಗ್ ಗಾಯನ ಶುರುಮಾಡಿದ್ದು ರಿಚರ್ಡ್‌ರನ್ನು ಅನುಕರಿಸಿಯೇ. 1962ರಲ್ಲಿ ಅವರೊಂದಿಗೆ ವೇದಿಕೆ ಹಂಚಿಕೊಂಡ ಪಾಲ್ ಮೆಕಾರ್ಟ್ನಿ ತಾರಸ್ಥಾಯಿಯ ಆ ‘ಊ’ ಕೂಗನ್ನು ಅವರಿಂದಲೇ ಎತ್ತಿಕೊಂಡರು, ಮತ್ತು ಬೀಟಲ್ಸ್ ಮೂಲಕ ಅದು ಜಗತ್ತಿಗೆಲ್ಲ ಹಬ್ಬಿತು. ಇವರಂತೆ ಹಾಡಲು ಹೊರಟವರು ಯಾರೂ ಇವರಾಗಲಿಲ್ಲ. ಆದರೆ ಪ್ರತಿಯೊಬ್ಬರೂ ಬೇರೊಬ್ಬ ದೊಡ್ಡ ಗಾಯಕರಾದರು. ಪ್ಲಾಂಟ್, ಮರ್ಕ್ಯುರಿ, ಗಿಲನ್ ಹತ್ತಿದ ಎತ್ತರಕ್ಕೆ ಮೊದಲ ಮೆಟ್ಟಿಲು ಕಡಿದದ್ದು ಆ ಕಂಠ.

ಭಾವ ಇದನ್ನು ಒಪ್ಪುವುದಿಲ್ಲ. ಅವನ ಆಕ್ಷೇಪದಲ್ಲಿ ಹುರುಳೂ ಇದೆ. ಲಿಟಲ್ ರಿಚರ್ಡ್‌ರ ಉಚ್ಛ್ರಾಯ ಎರಡು ವರ್ಷದ್ದು. 1957ರಲ್ಲಿ ರಾಕ್ ಬಿಟ್ಟು ಧರ್ಮಬೋಧನೆಗೆ ಹೊರಟುಹೋದರು, ಮರಳಿ ಬಂದ ಮೇಲೆ ಆ ಕಾವು ಬರಲಿಲ್ಲ. ಡಿಯೊ 2010ರಲ್ಲಿ ಸಾಯುವ ಹಿಂದಿನ ವರ್ಷದವರೆಗೂ, ಅರವತ್ತು ದಾಟಿದ ಮೇಲೂ, ಶ್ರುತಿ ಬಿಡದೆ ವೇದಿಕೆಯ ಮೇಲಿದ್ದರು. ಬಾಳಿಕೆಯೂ ಒಂದು ಅಳತೆ ಎನ್ನುತ್ತಾನೆ ಭಾವ. ಸರಿ, ಅದನ್ನೂ ಸೇರಿಸೋಣ ಎಂದೆ. ಬಾಳಿಕೆಯೇ ಅಳತೆಯಾದರೆ ಟೀನಾ ಟರ್ನರ್ 69ನೆಯ ವಯಸ್ಸಿನಲ್ಲಿ ಎತ್ತರದ ಹಿಮ್ಮಡಿಯ ಚಪ್ಪಲಿ ತೊಟ್ಟು ಕೊನೆಯ ಪ್ರವಾಸ ಮುಗಿಸಿದರು. 1943ರಲ್ಲಿ ಹುಟ್ಟಿದ ಮಿಕ್ ಜಾಗರ್ 2024ರಲ್ಲೂ ಅಮೆರಿಕದ ಕ್ರೀಡಾಂಗಣಗಳಲ್ಲಿ ಓಡಾಡಿಕೊಂಡು ಹಾಡುತ್ತಿದ್ದರು. ಡಿಯೊ ಮೂರನೆಯ ಸ್ಥಾನಕ್ಕೆ ಇಳಿಯುತ್ತಾರೆ. ಜಾಗರ್ ಗಾಯಕನೇ ಅಲ್ಲ, ಕುಣಿಯುವವನು ಎಂಬುದು ಭಾವನ ಉತ್ತರ.